ಬಲಕ್ಕೆ ‘ಬೇಕು’, ಎಡಕ್ಕೆ ‘ಬೇಡ’

ಜನವರಿ 13, 2019, ಭಾನುವಾರ

ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಹಿಯಾಮ್ ಏನು ತಿಂದಳು, ಎಷ್ಟು ಹೊತ್ತು ಮಲಗಿದಳು, ಇಂಥದ್ದು. ಕಂಪ್ಯೂಟರ್ ಪರದೆಯ ಮೇಲೆ ಯಾವ ಬಟನ್ ಎಲ್ಲಿರಬೇಕು ಎಂದು ಗೆರೆ ಎಳೆಯುತ್ತ ಮೂವತ್ತು ವರ್ಷ ಹೊಟ್ಟೆ ಹೊರೆದವನು ನಾನು. ಕಾಗದದ ಮೇಲೆ ಪೆನ್ನು ಹಿಡಿದು ಎಷ್ಟೋ ಕಾಲವಾಗಿದೆ. ಅಕ್ಷರ ಕೋಳಿ ಕೆದಕಿದ ಹಾಗೆ ಬರುತ್ತಿದೆ.

ಆದದ್ದು ಇಷ್ಟು. ಡಿಸೆಂಬರ್ ಹತ್ತೊಂಬತ್ತರ ಬೆಳಿಗ್ಗೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ನಿಂತಲ್ಲೇ ಕುಸಿದಳು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತುಹೋಯಿತು. ಈಗ ಅಮ್ಮಾನಿನ ಹೊರಗೆ ಒಂದು ಆರೈಕೆ ಕೇಂದ್ರದಲ್ಲಿದ್ದಾಳೆ, ಫೆಬ್ರವರಿ ಕೊನೆಯವರೆಗೆ. ನಾವು ಹೇಳುವುದು ಅವಳಿಗೆ ತಿಳಿಯುತ್ತದಂತೆ. “ಆದ್ರೆ ತಲೆ ಆಡ್ಸೋದನ್ನ ಮಾತ್ರ ನಂಬ್ಬೇಡಿ,” ಎಂದರು ಡಾಕ್ಟರು. “ಹೌದು ಅನ್ನೋಕೆ ಹೋಗಿ ಇಲ್ಲ ಅಂತ ಆಡಿಸ್ತಾರೆ. ಒಳಗಿರೋದು ಹೊರಗೆ ಬರೋ ದಾರಿ ಕಟ್ಟಿಹೋಗಿದೆ.” ಎರಡು ಪುಟದ ಇಂಗ್ಲಿಷ್ ವರದಿ ಕೊಟ್ಟರು. ಮೊದಲ ಪುಟ ಮುಗಿಯುವಷ್ಟರಲ್ಲಿ ಕಣ್ಣು ಮಂಜಾಯಿತು. ಮಡಚಿ ಕೋಟಿನ ಜೇಬಿಗಿಟ್ಟೆ.

ಮಾತೇ ಅವಳ ಕಸುಬಾಗಿತ್ತು. ಪರದೆ ನನ್ನದು, ಪರದೆಯ ಮೇಲಿನ ಮಾತು ಅವಳದು. ಯಾರಾದರೂ ‘ಸಮ್ಮತಿಸಲಾಗಿದೆ’ ಎಂದು ಬರೆದುಕೊಟ್ಟರೆ ಹೊಡೆದುಹಾಕಿ ‘ಸರಿ’ ಎಂದು ಬರೆಯುವಳು. ಸಂತೆಗೆ ಹೋದ ಹೆಂಗಸು ಆಡದ ಮಾತು ಬಟನ್ ಮೇಲೆ ಯಾಕೆ ಎನ್ನುವಳು.

ಇವತ್ತು ಅವಳ ಬಲಕ್ಕೆ ಕುರ್ಚಿ ಎಳೆದುಕೊಂಡು ಆ ಸತ್ತ ಬಲಗೈಯನ್ನು ಹಿಡಿದು ಎರಡು ಗಂಟೆ ಕೂತಿದ್ದೆ. ನನ್ನತ್ತ ತಿರುಗಲಿಲ್ಲ. ಇರ್ಬಿದ್‌ನಿಂದ ಅವಳ ಅಕ್ಕ ನಜ್ಲಾ ಬಂದು ಆಚೆ ಬದಿ, ಕಿಟಕಿಯ ಕಡೆ ಕೂತಳು. ಅವಳನ್ನು ನೋಡಿ ಹಿಯಾಮ್ ಅರ್ಧ ಬಾಯಲ್ಲಿ ನಕ್ಕಳು.

ಜನವರಿ 17, ಗುರುವಾರ

ಕಚೇರಿಗೆ ಹೋದೆ. ನನಗಿಂತ ಮೂವತ್ತು ವರ್ಷ ಚಿಕ್ಕವಳಾದ ಅರ್ವಾ ಈಗ ನಮ್ಮ ಗುಂಪಿನ ಮುಖ್ಯಸ್ಥೆ. ಈ ವರ್ಷದಿಂದ ಎಲ್ಲರೂ ಹೊಸ ತಂತ್ರಾಂಶಕ್ಕೆ ಬರಬೇಕೆಂದು ಅವಳ ಹಟ. ಇದರಲ್ಲಿ ಫೈಲು ನಮ್ಮ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಹತ್ತು ಜನ ಒಂದೇ ಹಾಳೆಯ ಮೇಲೆ ಒಟ್ಟಿಗೆ ಕೈಯಾಡಿಸಬಹುದು, ಒಬ್ಬೊಬ್ಬರ ಮೌಸ್ ಬಾಣಕ್ಕೂ ಹೆಸರಿನ ಚೀಟಿ ಅಂಟಿರುತ್ತದೆ. ನಾನು ಒಂದು ಬಟನ್ ಸರಿಸುವಷ್ಟರಲ್ಲಿ ‘ಅರ್ವಾ’ ಎಂಬ ನೇರಳೆ ಬಾಣ ಪಕ್ಕಕ್ಕೆ ಬಂದು ನಿಂತಿತು.

“ಮಗಳೇ, ನಾನು ಸೀನಿದ್ರೂ ಗೊತ್ತಾಗುತ್ತಾ ನಿನ್ನ ಬಾಣಕ್ಕೆ?”

“ಸೀನಿ ನೋಡಿ ಉಸ್ತಾದ್. ದೇವರು ಒಳ್ಳೇದು ಮಾಡ್ಲಿ ಅಂತ ಅಲ್ಲೇ ಬರೀತೀನಿ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇದು ನಾನು ಕಲಿಯಬೇಕಾದ ಎಷ್ಟನೆಯದು? ಎಂಬತ್ತೆಂಟರಲ್ಲಿ ಗ್ರಾಫ್ ಹಾಳೆ ಮತ್ತು ಪೆನ್ಸಿಲ್, ಒಂದು ಚೌಕಕ್ಕೆ ಒಂದು ಅಕ್ಷರ. ಆಮೇಲೆ ಪಟ್ಟಿಯಿಂದ ಬಟನ್ ಎಳೆದು ತಂದು ಕೂರಿಸುವ ತಂತ್ರಾಂಶ ಬಂತು, ಎಲ್ಲ ಬಟನ್ನೂ ಬೂದಿ ಬಣ್ಣ. ಆಮೇಲೆ ಫೋಟೋ ತಿದ್ದುವುದಕ್ಕೆಂದು ಮಾಡಿದ್ದರಲ್ಲೇ ಹದಿನೈದು ವರ್ಷ ಪರದೆ ಬರೆದೆವು. ಆಮೇಲೆ ಪರದೆಗೆಂದೇ ಹುಟ್ಟಿದ್ದು ಬಂತು. ಈಗ ಇದು. ಪ್ರತಿಸಲವೂ ಹಳೆಯ ಫೈಲು ಹೊಸದರಲ್ಲಿ ತೆರೆಯುವುದಿಲ್ಲ, ಪ್ರತಿಸಲವೂ ನಾನು ಹೊಸಬನಾಗಿ ಕೂರಬೇಕು.

ಹಾಳಾಗಲಿ. ಹಿಯಾಮಳಿಗೆ ಒಂದು ಪರದೆ ಮಾಡುತ್ತೇನೆ. ಎಡಗೈ ಚೆನ್ನಾಗಿದೆ. ಅವಳು ಒತ್ತಿದರೆ ಟ್ಯಾಬ್ ಮಾತಾಡಬೇಕು.

ಜನವರಿ 22, ಮಂಗಳವಾರ

ಎಂಟು ಚಿತ್ರಗಳ ಪರದೆ ಮುಗಿಯಿತು. ಎರಡು ಸಾಲು, ಮೇಲಿಂದ ಕೆಳಕ್ಕೆ. ಮುಖ್ಯವಾದದ್ದು ಬಲಗಡೆ, ಅರಬಿ ಓದುವ ನಮ್ಮ ಕಣ್ಣು ಹರಿಯುವುದೇ ಅಲ್ಲಿಂದ: ನೀರು, ಹಸಿವು, ನೋವು, ಬಹ್ಜತ್ ಎಂಬ ನನ್ನ ಹೆಸರು. ಅಷ್ಟೇನೂ ಬೇಡದ್ದು ಎಡಗಡೆ: ಕಿಟಕಿ ಮುಚ್ಚಿ, ದೀಪ ಆರಿಸಿ, ದಿಂಬು, ನಜ್ಲಾ. ಮಾತುಗಳಿಗೆ ಅರ್ವಾ ದನಿ ಕೊಟ್ಟಳು. ಕೇಳಿರಲಿಲ್ಲ, ಅವಳೇ ಬಂದು ಕೊಟ್ಟಳು.

ಹಿಯಾಮ್ ಮಧ್ಯಾಹ್ನದಿಂದ ಸಂಜೆವರೆಗೆ ಹನ್ನೊಂದು ಸಲ ಕಿಟಕಿ ಮುಚ್ಚಿಸಿದಳು. ನರ್ಸಿಗೆ ಸಾಕಾಯಿತು. “ಮುಚ್ಚೇ ಇದೆ ಹಬೀಬ್ತಿ, ನನ್ ಚಿನ್ನ, ಇನ್ನೆಷ್ಟು ಮುಚ್ಲಿ? ಗೋಡೆ ಕಟ್ಟಿಸ್ಲಾ?” ಎಂದಳು. ನೀರನ್ನು ಒಮ್ಮೆಯೂ ಒತ್ತಲಿಲ್ಲ. ಲೋಟ ತುಟಿಗೆ ಹಿಡಿದರೆ ಗಟಗಟ ಕುಡಿದಳು.

ನಜ್ಲಾ ಎಂದು ನಾಲ್ಕು ಸಲ ಒತ್ತಿದಳು. ನನ್ನ ಹೆಸರು ಮುಟ್ಟಲಿಲ್ಲ. ಬರೆದಿಡಿ ಎಂದರಲ್ಲ, ಬರೆದಿದ್ದೇನೆ.

ಜನವರಿ 25, ಶುಕ್ರವಾರ

ಮಕ್ಲೂಬಾ ಮಾಡಿ ಒಯ್ದೆವು. ಅನ್ನ ನಜ್ಲಾಳದು, ಬದನೆಕಾಯಿ ಹುರಿದದ್ದು ನಾನು. ಹಿಯಾಮ್ ತಟ್ಟೆಯಲ್ಲಿ ಸರಿಯಾಗಿ ಅರ್ಧ ತಿಂದಳು, ಮಧ್ಯೆ ಗೆರೆ ಎಳೆದ ಹಾಗೆ. ಬದನೆಕಾಯಿ ಇದ್ದ ಅರ್ಧ ಹಾಗೇ ಉಳಿಯಿತು.

ಜನವರಿ 31, ಗುರುವಾರ

ಎಂಟು ಹೆಚ್ಚಾಯಿತು ಅನ್ನಿಸಿ ಎರಡಕ್ಕೆ ಇಳಿಸಿದೆ. ಬಲಕ್ಕೆ ಹಸಿರು, ‘ಬೇಕು’. ಎಡಕ್ಕೆ ಬೂದಿ, ‘ಬೇಡ’. ನಡುವೆ ಕೈ ತಪ್ಪದಷ್ಟು ಜಾಗ. ಒಪ್ಪಿಗೆ ಯಾವತ್ತೂ ಬಲಕ್ಕೆ ಇರಬೇಕು, ಇದಕ್ಕಾಗಿ ನಾನು ಜಗಳ ಕಾದವನು. ತೊಂಬತ್ತೇಳರಲ್ಲಿ ಹೊರದೇಶದಿಂದ ಬಂದ ಒಬ್ಬ ದೊಡ್ಡ ಮನುಷ್ಯ, ನಮ್ಮ ಪರದೆಯನ್ನೇ ಇಟ್ಟುಕೊಳ್ಳಿ, ಅಕ್ಷರ ಮಾತ್ರ ಅರಬಿ ಮಾಡಿ ಎಂದ. ಮೇಜು ಗುದ್ದಿ, ನಮ್ಮ ಜನ ಬಲದಿಂದ ಓದುವವರು, ಪರದೆಯನ್ನು ಪೂರ್ತಿ ಮಗುಚಬೇಕು ಎಂದಿದ್ದೆ. ಆ ದಿನ ಹಿಯಾಮ್ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಅಲ್ಲಿಂದೀಚೆಗೆ ಸಾವಿರಾರು ಪರದೆ ಮಗುಚಿದ್ದೇನೆ.

ಇವತ್ತು ಅವಳ ಮಡಿಲಲ್ಲಿ ಟ್ಯಾಬ್ ಇಟ್ಟು ಕೇಳಿದೆ.

“ನೀರು?” ಬೇಡ.

“ದಿಂಬು ಸರಿ ಮಾಡ್ಲಾ?” ಬೇಡ.

“ನಾನು ಇಲ್ಲೇ ಕೂತಿರ್ಲಾ, ಹಿಯಾಮ್?”

ಬೇಡ. ಅರ್ವಾಳ ದನಿ, ಸ್ಪಷ್ಟವಾಗಿ. ಮತ್ತೆ ಕೇಳಿದೆ, ಮತ್ತೆ ಅದೇ. ಮೂರನೆಯ ಸಲ ಒತ್ತಿದವಳೇ ಅಳತೊಡಗಿದಳು, ಟ್ಯಾಬನ್ನು ತಳ್ಳಿಬಿಟ್ಟಳು. ಅದು ನೆಲಕ್ಕೆ ಬಿದ್ದು ಮೂಲೆ ಸೀಳಿತು.

ಎದ್ದು ಹೊರಗೆ ಬಂದೆ. ಹತ್ತಿರದವರ ಮೇಲೇ ಇವರಿಗೆ ಸಿಟ್ಟು ಬರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು ಡಾಕ್ಟರು. ಹಚ್ಚಿಕೊಳ್ಳದೆ ಇನ್ನೇನು ಮಾಡಲಿ.

ಫೆಬ್ರವರಿ 2, ಶನಿವಾರ

ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಾಲ್ಕರಿಂದ ಏಳು. ಬೇಡ ಎಂದಿದ್ದಾಳೆ, ಅವಳ ಮಾತಿಗೆ ಬೆಲೆ ಇರಬೇಕು.

ಫೆಬ್ರವರಿ 10, ಭಾನುವಾರ

ಅವಳ ಕೋಪ ಎಲ್ಲಿಯದು ಎಂದು ನನಗೆ ಗೊತ್ತಿದೆ. ಬೆಂಚಿನ ಮೇಲೆ ಕೂತವನಿಗೆ ಬೇರೆ ಕೆಲಸವೇನು, ಅದನ್ನೇ ಯೋಚಿಸುತ್ತೇನೆ.

ಆ ಫೋಟೋ ತಂತ್ರಾಂಶದಲ್ಲಿ ಅರಬಿ ಅಕ್ಷರ ಕೂಡಿಕೊಳ್ಳುತ್ತಿರಲಿಲ್ಲ. ಒಂದೊಂದೂ ಬೇರೆ ಬೇರೆ ನಿಂತು, ಸಾಲು ಎಡದಿಂದ ಬಲಕ್ಕೆ ಓಡುತ್ತಿತ್ತು. ಹಾಗಾಗಿ ನಾವು ಪ್ರತಿ ಮಾತನ್ನೂ ಬಾಲದಿಂದ ತಲೆಗೆ ಟೈಪು ಮಾಡುತ್ತಿದ್ದೆವು. ಹಿಯಾಮ್ ನನ್ನ ಕುರ್ಚಿಯ ಹಿಂದೆ ನಿಂತು ತಿರುವುಮುರುವಾಗಿ ಓದಿ ಹೇಳುವಳು, ನಾನು ಒತ್ತುವೆನು. ಎಷ್ಟು ರೂಢಿಯಾಗಿತ್ತೆಂದರೆ ನಾಲ್ಕು ಜನರ ಮುಂದೆ ನನ್ನನ್ನು ಗುಟ್ಟಾಗಿ ಕರೆಯಬೇಕಾದರೆ ನನ್ನ ಹೆಸರನ್ನೇ ಬಾಲದಿಂದ ತಲೆಗೆ ಮಗುಚಿ ‘ತಜ್ಹಬ್’ ಎನ್ನುವಳು. ಕೇಳಿದವರಿಗೆ ಅದೇನೋ ತುರ್ಕಿ ತಿಂಡಿಯ ಹೆಸರಿರಬೇಕು ಅನ್ನಿಸುತ್ತಿತ್ತು.

ಎರಡು ಸಾವಿರದ ಹದಿಮೂರರಲ್ಲಿ ಪರದೆಗೆಂದೇ ಹುಟ್ಟಿದ ತಂತ್ರಾಂಶ ಬಂತು, ಸ್ವಲ್ಪ ದಿನಕ್ಕೆ ಅದರಲ್ಲಿ ಅಕ್ಷರಗಳು ತಾವಾಗಿಯೇ ಕೈಕೈ ಹಿಡಿದು ಬಲದಿಂದ ಹರಿದವು. ನಾನು ಕುಣಿದಾಡಿಬಿಟ್ಟೆ. ಕುನಾಫಾ ಮಿಠಾಯಿ ಕಟ್ಟಿಸಿಕೊಂಡು ಮನೆಗೆ ಹೋದೆ.

“ಹಾಗಾದ್ರೆ ಇನ್ಮೇಲೆ ಯಾರ್ ಬೇಕಾದ್ರೂ ಬರೀಬೋದು ಅನ್ನು,” ಎಂದಳು.

“ಯಾರ್ ಬೇಕಾದ್ರೂ,” ಎಂದೆ, ಬಾಯಿ ತುಂಬ ಕುನಾಫಾ.

ಮೂರು ತಿಂಗಳ ಮೇಲೆ ಮ್ಯಾನೇಜರು ಎಲ್ಲರನ್ನೂ ಕೂರಿಸಿ, ಮಾತು ಬರೆಯುವುದಕ್ಕೆ ಇನ್ನು ಪ್ರತ್ಯೇಕ ಜನ ಬೇಕಾಗಿಲ್ಲ ಎಂದರು. ಹಿಯಾಮ್ ನನ್ನ ಕಡೆ ನೋಡಿದಳು. ನಾನು ಮೇಜು ನೋಡಿದೆ. ಅವತ್ತು ಸಂಜೆ ಅವಳು ತನ್ನ ನಿಘಂಟುಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಳು, ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಕ್ಷಮಿಸಿದ್ದಾಳೆ ಅಂದುಕೊಂಡಿದ್ದೆ. ಹೆದರಿಕೊಂಡವನು ಹಾಗೇ ಅಂದುಕೊಳ್ಳುತ್ತಾನೆ.

ಫೆಬ್ರವರಿ 21, ಗುರುವಾರ

ವಾರದ ಮೇಲೆ ಕರೆದುಕೊಂಡು ಹೋಗಬೇಕು. ಎಲ್ಲಿಗೆ ಎಂಬುದೇ ಪ್ರಶ್ನೆ. ವೈಬ್ದೆಯ ನಮ್ಮ ಮನೆ ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಕುರ್ಚಿಯಲ್ಲೇ ಎತ್ತಿಸಿಕೊಂಡು ಹೋಗಲು ಕೆಳಗಿನ ಬೇಕರಿಯವರನ್ನು ಒಪ್ಪಿಸಿದ್ದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೆ. ನಜ್ಲಾಳದು ನೆಲಮಹಡಿ, ಅವಳು ಒಬ್ಬಳೇ ಇರುವವಳು.

“ಅವಳನ್ನೇ ಕೇಳಿ,” ಎಂದರು ಡಾಕ್ಟರು.

ಮೂರು ವಾರದ ಮೇಲೆ ಒಳಗೆ ಹೋದೆ. ಅದೇ ಜಾಗದಲ್ಲಿ ಕೂತೆ. ಟ್ಯಾಬ್ ಇಟ್ಟು, “ನನ್ನ ಜೊತೆ ಮನೆಗೆ ಬರ್ತೀಯಾ?” ಎಂದೆ. ನಜ್ಲಾ ನೋಡುತ್ತಿದ್ದಳು, ಡಾಕ್ಟರು ನೋಡುತ್ತಿದ್ದರು.

ಬೇಡ.

ಇನ್ನೊಮ್ಮೆ ಕೇಳಿ ಎಂದರು. ಕೇಳಿದೆ. ಬೇಡ. ಇನ್ನೊಮ್ಮೆ. ಬೇಡ.

ನಜ್ಲಾ ಟ್ಯಾಬ್ ಮುಟ್ಟದೆ ತಂಗಿಯ ಎಡಗೈ ಹಿಡಿದು, “ನನ್ನ ಹತ್ರ ಇರ್ತೀಯೇನೇ?” ಎಂದಳು. ಹಿಯಾಮ್ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇನ್ನೇನು ಉಳಿದಿತ್ತು? ಕಾಗದಕ್ಕೆ ಸಹಿ ಹಾಕಿದೆ.

“ಬೇಜಾರ್ ಮಾಡ್ಕೋಬೇಡ ಬಹ್ಜತ್,” ಎಂದಳು ನಜ್ಲಾ ಮೆಟ್ಟಿಲಲ್ಲಿ.

“ಅವಳು ಮಾತಾಡ್ಲಿ ಅಂತ ತಾನೇ ನಾನು ಅದನ್ನ ಮಾಡಿದ್ದು,” ಎಂದೆ.

ಫೆಬ್ರವರಿ 28, ಗುರುವಾರ

ಕರೆದುಕೊಂಡು ಹೋದರು. ಕಾರಿನ ಬಾಗಿಲ ಹತ್ತಿರ ನಿಂತು ಕೈ ಎತ್ತಿದೆ. ನೋಡಲಿಲ್ಲ.

ಮಾರ್ಚ್ 5, ಮಂಗಳವಾರ

ಟ್ಯಾಬ್ ಕಚೇರಿಯದು. ಬೆಳಿಗ್ಗೆ ಅರ್ವಾಳ ಮೇಜಿನ ಮೇಲಿಟ್ಟು, ಇದರಲ್ಲಿರುವುದನ್ನೆಲ್ಲ ಅಳಿಸಿಬಿಡು ಎಂದೆ. ಹನ್ನೊಂದರ ಹೊತ್ತಿಗೆ ನನ್ನ ಪರದೆಯ ಮೇಲೆ ನೇರಳೆ ಬಾಣ ಬಂದು ಸುಮ್ಮನೆ ನಿಂತಿತು. ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಬಂದಳು.

“ಉಸ್ತಾದ್, ಬೈಬೇಡಿ. ಅಳಿಸೋ ಮುಂಚೆ ತೆಗೆದು ನೋಡ್ದೆ.”

“ಏನು ನೋಡ್ದೆ?”

“ನಾವು ಜನರ ಹತ್ರ ಆ್ಯಪ್ ಪರೀಕ್ಷೆ ಮಾಡಿಸ್ತೀವಲ್ಲ, ಬೆರಳು ಬಿದ್ದಲ್ಲೆಲ್ಲ ಚುಕ್ಕೆ ಉಳಿಯುತ್ತೆ. ಈ ಟ್ಯಾಬಲ್ಲೂ ಅದು ಆನ್ ಇತ್ತು.” ಅವಳು ಟ್ಯಾಬನ್ನು ನನ್ನ ಮುಂದೆ ಇಟ್ಟಳು. “ಹಿಯಾಮ್ ಖಾಲಾ ನಾನೂರ ಹನ್ನೆರಡು ಸಲ ಮುಟ್ಟಿದಾರೆ. ನೋಡಿ.”

ಎಡ ಅರ್ಧ ಪೂರ್ತಿ ಕೆಂಪಾಗಿತ್ತು. ಬಟನ್ ಮೇಲೆ, ಬಟನ್ನಿನ ಸುತ್ತ, ಅಂಚಿನಲ್ಲಿ, ಎಲ್ಲೆಂದರಲ್ಲಿ ಚುಕ್ಕೆ. ಬಲ ಅರ್ಧ ಹಾಲಿನ ಹಾಗೆ ಬಿಳಿ. ಒಂದೇ ಒಂದು ಚುಕ್ಕೆ ಇರಲಿಲ್ಲ.

“ಬೇಡ ಅನ್ನೋರು ಕೂಡ ನಾನೂರರಲ್ಲಿ ಒಂದ್ಸಲನಾದ್ರೂ ಕೈ ತಪ್ಪಿ ‘ಬೇಕು’ ಮುಟ್ತಾರೆ,” ಎಂದಳು. ದನಿ ತಗ್ಗಿಸಿದಳು. “ಉಸ್ತಾದ್, ಖಾಲಾಗೆ ಬಲಗಡೆ ಕಾಣ್ಸುತ್ತಾ?”

ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ.

ಮಾರ್ಚ್ 6, ಬುಧವಾರ

ಕೋಟಿನ ಜೇಬಿನಲ್ಲಿ ವರದಿ ಹಾಗೇ ಇತ್ತು. ಎರಡನೆಯ ಪುಟ, ಕೆಳಗಿನಿಂದ ಮೂರನೆಯ ಸಾಲು: ಎರಡೂ ಕಣ್ಣುಗಳಲ್ಲಿ ಬಲಬದಿಯ ನೋಟ ಹೋಗಿರುವ ಸಾಧ್ಯತೆ ಇದೆ, ರೋಗಿಗೆ ಮಾತಿಲ್ಲದ ಕಾರಣ ಖಚಿತಪಡಿಸಿಕೊಳ್ಳಲಾಗಿಲ್ಲ.

ಏಳು ವಾರ ಎದೆಯ ಮೇಲೆ ಹೊತ್ತು ತಿರುಗಿದ್ದೇನೆ ಆ ಸಾಲನ್ನು.

ಅವಳಿಗೆ ‘ಬೇಕು’ ಎಂಬ ಬಟನ್ ಇದೆ ಎಂಬುದೇ ಗೊತ್ತಿರಲಿಲ್ಲ. ನಾನು ಏನು ಕೇಳಿದರೂ ಅವಳ ಮುಂದೆ ಇದ್ದದ್ದು ಒಂದೇ ಬಟನ್, ಅದನ್ನೇ ಒತ್ತಿದಳು. ಒತ್ತಿದಾಗ ಅದು ‘ಬೇಡ’ ಎಂದು ಕೂಗಿತು. ಕೂತಿರಲಾ ಎಂದು ಗಂಡ ಕೇಳಿದಾಗ ಕೂತಿರು ಎನ್ನಲು ಹೋದವಳ ಬಾಯಿಂದ ನಾನು ‘ಬೇಡ’ ಎನ್ನಿಸಿದೆ, ಅದೂ ಮೂರು ಸಲ. ಆಮೇಲೆ ಎದ್ದು ಹೋದೆ. ಆ ತಟ್ಟೆಯ ಅರ್ಧವೂ ಹಾಗೆ, ನನ್ನ ಹೆಸರೂ ಹಾಗೆ, ನಾನು ಕೂತ ಕುರ್ಚಿಯೂ ಹಾಗೆ. ಕಾರಿನ ಹತ್ತಿರವೂ ನಾನು ಬಲಕ್ಕೇ ನಿಂತಿದ್ದೆ.

ಬೇರೆ ಯಾರಾದರೂ ಆ ಪರದೆ ಮಾಡಿದ್ದರೆ, ಬಲ ಎಡದ ಬಗ್ಗೆ ಇಷ್ಟು ಗೀಳಿಲ್ಲದವರು, ಎಲ್ಲೋ ಒಂದು ಕಡೆ ಹಾಕಿಬಿಡುತ್ತಿದ್ದರು. ಅವಳು ಒಂದು ಸಲವಾದರೂ ಬೇಕು ಎನ್ನುತ್ತಿದ್ದಳು.

ಹೊಸದಕ್ಕೆ ಕೂತೆ. ಅರ್ವಾ ಬೇರೆ ಕೆಲಸ ಬಿಟ್ಟು ಬಂದಳು. ಎರಡು ಬಟನ್ನೂ ಎಡಕ್ಕೆ, ಒಂದರ ಕೆಳಗೆ ಒಂದು. ಬಲ ಅರ್ಧ ಖಾಲಿ. ಅದನ್ನು ಖಾಲಿ ಬಿಡುವಾಗ ನನ್ನ ಕೈ ಒಪ್ಪಲಿಲ್ಲ, ಎರಡು ಸಲ ಬಟನ್ ಎಳೆದು ಬಲಕ್ಕೆ ಹಾಕಿದೆ. ಎರಡು ಸಲವೂ ನೇರಳೆ ಬಾಣ ಬಂದು ಸದ್ದಿಲ್ಲದೆ ಎಡಕ್ಕೆ ತಂದಿಟ್ಟಿತು. ಊಟದ ಹೊತ್ತಿನಲ್ಲಿ ಅದು ಕಾಣದಿದ್ದಾಗ, ಎಲ್ಲಿ ಹೋದೆ ಮಗಳೇ ಎಂದು ಅಲ್ಲೇ ಬರೆದು ಕೇಳಿದೆ.

ಮಾರ್ಚ್ 8, ಶುಕ್ರವಾರ, ಇರ್ಬಿದ್

ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಉತ್ತರದ ನಿಲ್ದಾಣದಿಂದ ಬಸ್ಸು ಹಿಡಿದೆ. ನಜ್ಲಾಳಿಗೆ ಬಾಗಿಲಲ್ಲೇ ಎಲ್ಲ ಹೇಳಿದೆ. ಅವಳು ಬಾಯಿಗೆ ಸೆರಗಿನಂತೆ ತಲೆವಸ್ತ್ರ ಒತ್ತಿಕೊಂಡು ನಿಂತಳು.

“ಅಯ್ಯೋ ದೇವರೇ. ಅದಕ್ಕೇ ನಾನು ಬಲಗಡೆಯಿಂದ ಬಂದ್ರೆ ಬೆಚ್ಚಿಬೀಳ್ತಿದ್ಲು.”

ಇವತ್ತು ಎಡಕ್ಕೆ ಕೂತೆ. ಹಿಯಾಮ್ ನೋಡಿದಳು. ಡಿಸೆಂಬರಿನಿಂದ ಮೊದಲ ಸಲ ನನ್ನನ್ನು ನೋಡಿದಳು. ಅವಳ ಬಾಯಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಇಬ್ಬರೂ ಅತ್ತೆವು. ಬರೆದರೆ ಎರಡೇ ಪದ, ಅಳು ಮುಗಿಯುವಷ್ಟರಲ್ಲಿ ಚಹಾ ಆರಿತ್ತು.

ಟ್ಯಾಬ್ ಇಟ್ಟೆ. ಅವಳು ಎರಡೂ ಬಟನ್ ನೋಡಿದಳು, ಮೇಲೆ, ಕೆಳಗೆ, ಮತ್ತೆ ಮೇಲೆ.

“ನೀರು?” ಬೇಕು.

“ಕಿಟಕಿ ಮುಚ್ಲಾ?” ಬೇಡ. ನಜ್ಲಾ ಅಳುತ್ತಲೇ ನಕ್ಕಳು.

“ಅವತ್ತು, ಆಸ್ಪತ್ರೆಲಿ, ನಾನು ಪಕ್ಕದಲ್ಲಿ ಇರೋದು ನಿಂಗೆ…” ಪೂರ್ತಿ ಕೇಳುವ ಮೊದಲೇ ಒತ್ತಿದಳು. ಬೇಕು. ತಡೆದು ಮತ್ತೊಮ್ಮೆ ಒತ್ತಿದಳು.

ಇನ್ನು ಧೈರ್ಯ ಬಂದಿತ್ತು. ಬೇಕರಿಯವರ ವಿಷಯ, ಬಚ್ಚಲಿನ ಹಿಡಿಕೆ, ಎಲ್ಲ ಹೇಳಿ ಕೇಳಿದೆ. “ಮನೆಗೆ ಹೋಗೋಣ್ವಾ?”

ಅವಳ ಬೆರಳು ಬಟನ್‌ಗಳ ಮೇಲೆ ಬಹಳ ಹೊತ್ತು ನಿಂತಿತು. ಬೇಡ.

ಕೈ ತಪ್ಪಿರಬೇಕು ಎಂದುಕೊಂಡೆ. ಬಟನ್‌ಗಳನ್ನು ಮೇಲೆ ಕೆಳಗೆ ಅದಲುಬದಲು ಮಾಡಿ ತೋರಿಸಿ, ಎರಡನ್ನೂ ಓದಿ ಹೇಳಿ, ಮತ್ತೆ ಕೇಳಿದೆ. ಅವಳು ಹುಡುಕಿ, ಕಂಡುಕೊಂಡು, ನನ್ನ ಮುಖ ನೋಡಿಕೊಂಡೇ ಒತ್ತಿದಳು. ಬೇಡ.

ನಜ್ಲಾ ನನ್ನನ್ನು ಅಡುಗೆಮನೆಗೆ ಕರೆದಳು. “ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ನಾನು ಅವಳನ್ನ ತೊಳೀತೀನಿ, ಬಟ್ಟೆ ಬದಲಾಯಿಸ್ತೀನಿ. ನನ್ನೆದುರು ಪರವಾಗಿಲ್ಲ, ಚಿಕ್ಕವಳಿದ್ದಾಗಿಂದ ತೊಳೆದೋಳೇ ನಾನು. ನಿನ್ನ ಹೆಸರು ಎತ್ತಿದ್ರೆ ಮಾತ್ರ ಹೊದಿಕೆ ಮುಖದವರೆಗೂ ಎಳ್ಕೋತಾಳೆ. ಆ ಸ್ಥಿತೀಲಿ ತನ್ನನ್ನ ನೀನು ನೋಡ್ಬಾರ್ದು ಅಂತ ಅವಳಿಗೆ.”

“ನಂಗೇನೂ ಇಲ್ಲ ಅದು, ನಜ್ಲಾ.”

“ನಿಂಗಿಲ್ಲ. ಅವಳಿಗಿದೆ.”

ಹಿಂದೆ ಬಂದು ಕೂತೆ. ಮತ್ತೆ ಕೇಳಲಿಲ್ಲ. ಮೊದಲೆಲ್ಲ ಅವಳು ಹೇಳದ ಬೇಡಗಳನ್ನು ಕೇಳಿ ಎದ್ದು ಹೋಗಿದ್ದೆ. ಇದು ಅವಳೇ ಹೇಳಿದ್ದು. ನಾಲ್ಕನೆಯ ಮಹಡಿಯ ಆ ಮನೆಯಲ್ಲಿ ಇನ್ನು ನಾನೊಬ್ಬನೇ, ಅದು ಇವತ್ತು ತೀರ್ಮಾನವಾಯಿತು. ಎದೆ ಒಡೆಯುತ್ತದೆ ಎನ್ನುತ್ತಾರಲ್ಲ, ಒಡೆಯುವುದಿಲ್ಲ, ಹಾಗೇ ಇರುತ್ತದೆ.

ಆರೂವರೆಗೆ ಕೊನೆಯ ಬಸ್ಸು. ಕೋಟು ಹಾಕಿಕೊಂಡೆ. ಹೊರಡುವಾಗ ಎಲ್ಲರೂ ಆಡುವ ಮಾತನ್ನೇ ಆಡಿದೆ, ಉತ್ತರಕ್ಕೆಂದು ಕೇಳಿದ್ದಲ್ಲ. “ಹೊರಡ್ಲಾ, ಹಿಯಾಮ್?”

ಟ್ಯಾಬ್ ಮಂಚದ ಮೇಲೇ ಇತ್ತು. ಅವಳು ಕೈ ಚಾಚಿ ಅದನ್ನು ತನ್ನ ಕಡೆಗೆ ಎಳೆದುಕೊಂಡು, ಹುಡುಕಿ, ಒತ್ತಿದಳು.

ಬೇಡ.

ಬಸ್ಸು ಹೋಯಿತು. ಅವಳ ಎಡಗೈ ನನ್ನ ಎಡಗೈಯಲ್ಲಿದೆ, ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.